ಹಡಗಿನ ಊಟದ ಮೇಜಿಗೆ ಮಕ್ಕಳು ಬಂದ ಬಗೆ

ಮನೆಮಂದಿಯೆಲ್ಲ ಕೂಡಿ ಸಮುದ್ರ ವಿಹಾರಕ್ಕೆ ಹೊರಡುವವರು ಇಂದು ಕ್ರೂಸ್ ಕಂಪನಿಗಳನ್ನು ಮೂರು ಪ್ರಶ್ನೆಗಳಿಂದ ಅಳೆಯುತ್ತಾರೆ: ಉಪಚಾರ ಹೇಗಿದೆ, ಊಟ ಹೇಗಿದೆ, ಮಕ್ಕಳಿಗೆ ಏನಿದೆ. ಈ ಮೂರೂ ಒಂದೇ ಕಾಲಕ್ಕೆ ಹಡಗು ಹತ್ತಿದವಲ್ಲ. ಉಪಚಾರ ಬಂದದ್ದು ಟಪಾಲು ಹಡಗುಗಳ ಕಾಲದಲ್ಲಿ. ಊಟದ ವೈಭವ ಬಂದದ್ದು ಯುರೋಪಿನ ದೊಡ್ಡ ಹೋಟೆಲುಗಳ ಮೇಲ್ಪಂಕ್ತಿಯಿಂದ. ಮಕ್ಕಳ ಸರದಿ ಎಲ್ಲಕ್ಕಿಂತ ಕೊನೆಯದು. ಮಕ್ಕಳು ಎಲ್ಲಿ ಕೂತು ಉಂಡರು, ಅವರಿಗೆ ಬಡಿಸಿದವರು ಯಾರು ಎಂಬುದನ್ನು ಹಿಡಿದು ಹೋದರೆ ಈ ಉದ್ಯಮದ ಚರಿತ್ರೆ ಚೆನ್ನಾಗಿ ತೆರೆದುಕೊಳ್ಳುತ್ತದೆ.

ಕ್ಯುನಾರ್ಡ್ ಕಂಪನಿಯ ‘ಬ್ರಿಟಾನಿಯಾ’ 1840ರ ಜುಲೈ 4ರಂದು ಲಿವರ್‌ಪೂಲ್‌ನಿಂದ ಅಮೆರಿಕದತ್ತ ಹೊರಟಾಗ ಅದರ ಮುಖ್ಯ ಕೆಲಸ ಬ್ರಿಟಿಷ್ ಸರ್ಕಾರದ ಟಪಾಲನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸುವುದು. ಪ್ರಯಾಣಿಕರು ಅದರ ಜೊತೆಗೆ ಸಿಗುವ ಮೇಲಾದಾಯ. ಹಾಲಿಗೆಂದು ಹಡಗಿನಲ್ಲೇ ಒಂದು ಹಸುವನ್ನು ಕಟ್ಟಿಕೊಂಡಿದ್ದರು. ಮಕ್ಕಳಿಗೆ ಒದಗುತ್ತಿದ್ದ ಅನುಕೂಲ ಹೆಚ್ಚುಕಡಿಮೆ ಅಷ್ಟೇ. 1842ರ ಜನವರಿಯಲ್ಲಿ ಇದೇ ಹಡಗಿನಲ್ಲಿ ಅಟ್ಲಾಂಟಿಕ್ ದಾಟಿದ ಚಾರ್ಲ್ಸ್ ಡಿಕನ್ಸ್ ತನ್ನ ಕ್ಯಾಬಿನ್ನಿನ ಇಕ್ಕಟ್ಟನ್ನೂ ಚಳಿಗಾಲದ ಕಡಲಿನ ಹೊಯ್ದಾಟವನ್ನೂ ವಿವರವಾಗಿ ಬರೆದಿಟ್ಟಿದ್ದಾನೆ. ಅದೇ ಹೊತ್ತಿಗೆ, 1837ರಲ್ಲಿ ಟಪಾಲು ಒಪ್ಪಂದದಿಂದಲೇ ಹುಟ್ಟಿದ ಪಿ ಅಂಡ್ ಓ ಕಂಪನಿ ಮೆಡಿಟರೇನಿಯನ್‌ಗೆ ಹೋಗಿಬರುವ ತನ್ನ ಹಡಗುಗಳ ಖಾಲಿ ಜಾಗವನ್ನು ವಿಹಾರಿಗಳಿಗೆ ಮಾರಲು ತೊಡಗಿತು. 1844ರಲ್ಲಿ ಹಾಗೆ ಹೋಗಿಬಂದ ಕಾದಂಬರಿಕಾರ ಥ್ಯಾಕರೆ ಆ ಪ್ರವಾಸದ ಮೇಲೆ ಒಂದು ಪುಸ್ತಕವನ್ನೇ ಬರೆದ. ಇವೆಲ್ಲ ದೊಡ್ಡವರ ಪ್ರವಾಸಗಳು.

ಮಕ್ಕಳ ಆರೈಕೆ ಎಂಬ ಕೆಲಸ ಹಡಗಿನಲ್ಲಿ ಎದ್ದು ಕಾಣಿಸಿದ್ದು ಭಾರತದ ದಾರಿಯಲ್ಲಿ. ಅದನ್ನು ಮಾಡಿದವರು ಕಂಪನಿಯ ನೌಕರರಲ್ಲ, ಭಾರತದ ಆಯಾಗಳು. ಇಲ್ಲಿಂದ ಊರಿಗೆ ಮರಳುವ ಇಂಗ್ಲಿಷ್ ಕುಟುಂಬಗಳು ಹಾದಿಯುದ್ದಕ್ಕೂ ಮಕ್ಕಳನ್ನು ನೋಡಿಕೊಳ್ಳಲು ಆಯಾಗಳನ್ನು ಜೊತೆಗೆ ಕರೆದೊಯ್ಯುತ್ತಿದ್ದವು. ಕಡಲಕಾಯಿಲೆಯಿಂದ ತಾಯಿ ಮಲಗಿದಾಗ ಕೂಸಿಗೆ ಉಣಿಸುವುದು, ತೊಳೆಯುವುದು, ಡೆಕ್ಕಿನ ಮೇಲೆ ಆಡಿಸುವುದು, ತೂಗಾಡುವ ಕ್ಯಾಬಿನ್ನಿನಲ್ಲಿ ರಾತ್ರಿಯೆಲ್ಲ ಎಚ್ಚರವಿರುವುದು ಎಲ್ಲವೂ ಅವರ ಪಾಲಿನವು. ಹಲವರು ಈ ಪ್ರಯಾಣವನ್ನೇ ಕಸುಬು ಮಾಡಿಕೊಂಡು ಮತ್ತೆ ಮತ್ತೆ ಕಡಲು ದಾಟಿದರು. ದಡ ಮುಟ್ಟಿದ ಮೇಲೆ ಮರಳುವ ಟಿಕೆಟ್ಟೂ ಕೊಡದೆ ಕೈಬಿಟ್ಟ ಯಜಮಾನರೂ ಇದ್ದರು. ಅಂಥ ಹೆಂಗಸರಿಗೆ ನೆಲೆ ಕೊಡಲೆಂದೇ ಲಂಡನ್ನಿನಲ್ಲಿ ‘ಆಯಾಗಳ ಮನೆ’ ಇತ್ತು. 1900ರಲ್ಲಿ ಅದು ಹ್ಯಾಕ್ನಿಗೆ ಸ್ಥಳಾಂತರಗೊಂಡಿತು. ಅಲ್ಲಿನ ಕಟ್ಟಡಕ್ಕೆ 2022ರಲ್ಲಿ ಸ್ಮಾರಕ ಫಲಕ ಹಾಕಲಾಯಿತು. ಕ್ರೂಸ್ ಚರಿತ್ರೆಯನ್ನು ಹೇಳುವವರು ಹಡಗು ಮಾಲೀಕರಿಂದ ಕಥೆ ಶುರುಮಾಡುವುದು ರೂಢಿ. ಮಕ್ಕಳ ಮಟ್ಟಿಗೆ ಅದು ಈ ಹೆಂಗಸರಿಂದ ಶುರುವಾಗಬೇಕು.

ಬಡಿಸುವ ಕೈಗಳೂ ಬಹುಪಾಲು ನಮ್ಮ ಕರಾವಳಿಯವೇ. ಪಿ ಅಂಡ್ ಓ ಹಡಗುಗಳಲ್ಲಿ ಡೆಕ್ಕಿನ ಕೆಲಸಕ್ಕೆ ಖಲಾಸಿಗಳು, ಊಟದ ಕೋಣೆಗೂ ಅಡುಗೆಮನೆಗೂ ಗೋವೆಯವರು ಎಂಬ ವಿಂಗಡಣೆ ದೀರ್ಘಕಾಲ ನಡೆಯಿತು. ಹಡಗಿನಲ್ಲಿ ದುಡಿಯುವವನಿಗೆ ಕೊಂಕಣಿಯಲ್ಲಿ ‘ತಾರ್ವೊಟಿ’ ಎಂಬ ಹೆಸರೇ ಇದೆ. ಮೊದಲ ದರ್ಜೆಯ ಊಟಕ್ಕೆ ದೊಡ್ಡವರು ಉಡುಪು ಬದಲಿಸಿ ಬರುತ್ತಿದ್ದರು. ಮಕ್ಕಳ ಊಟ ಅದಕ್ಕೂ ಮೊದಲೇ, ಬೇರೆಯಾಗಿ ಮುಗಿದಿರುತ್ತಿತ್ತು. ಒಂದೇ ಮನೆಯವರು ಒಂದೇ ಮೇಜಿನಲ್ಲಿ ಕೂತು ಉಣ್ಣುವ ಕಲ್ಪನೆ ಆ ಕಾಲದ ಮೇಲ್ವರ್ಗದ ಶಿಷ್ಟಾಚಾರದಲ್ಲೇ ಇರಲಿಲ್ಲ.

ಹಡಗನ್ನು ಸಾಗಣೆಗಲ್ಲದೆ ಸುಖಕ್ಕಾಗಿಯೇ ಓಡಿಸಬಹುದೆಂದು ತೋರಿಸಿದವನು ಹ್ಯಾಂಬರ್ಗ್‌ನ ಹಾಪಾಗ್ ಕಂಪನಿಯ ಆಲ್ಬರ್ಟ್ ಬಾಲಿನ್. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವವರು ಕಡಿಮೆ; ದುಬಾರಿ ಹಡಗುಗಳು ಬಂದರಿನಲ್ಲಿ ಸುಮ್ಮನೆ ನಿಲ್ಲುತ್ತಿದ್ದವು. 1891ರ ಜನವರಿಯಲ್ಲಿ ಅವನು ‘ಆಗುಸ್ಟಾ ವಿಕ್ಟೋರಿಯಾ’ವನ್ನು 241 ಪ್ರಯಾಣಿಕರೊಂದಿಗೆ ಸುಮಾರು ಎರಡು ತಿಂಗಳ ಮೆಡಿಟರೇನಿಯನ್ ವಿಹಾರಕ್ಕೆ ಕಳಿಸಿದ, ತಾನೂ ಜೊತೆಗೆ ಹೋದ. ವಿಹಾರಕ್ಕೆಂದೇ ಕಟ್ಟಿಸಿದ ‘ಪ್ರಿನ್ಸೆಸಿನ್ ವಿಕ್ಟೋರಿಯಾ ಲೂಯಿಸ್’ 1900ರಲ್ಲಿ ನೀರಿಗಿಳಿಯಿತು. 1905ರ ‘ಅಮೆರಿಕಾ’ ಹಡಗಿನಲ್ಲಿ ಯುರೋಪಿನ ಹೆಸರಾಂತ ಹೋಟೆಲುಗಳ ರಿಟ್ಜ್ ಹೆಸರಿನ ಪ್ರತ್ಯೇಕ ರೆಸ್ಟೋರೆಂಟನ್ನೇ ತೆರೆದು, ಬೇಕಾದದ್ದನ್ನು ಬೇಕಾದ ಹೊತ್ತಿಗೆ ತರಿಸಿಕೊಂಡು ಉಣ್ಣುವ ಅವಕಾಶ ಮಾಡಿಕೊಟ್ಟರು. ಅದೇ ಕಾಲದ ಹಡಗುಗಳ ತಳದ ಅಂತಸ್ತುಗಳಲ್ಲಿ ವಲಸೆಗಾರರ ಸಾವಿರಾರು ಮಕ್ಕಳು ಕಡಲು ದಾಟುತ್ತಿದ್ದರು. ಅವರಿಗೆ ಆಟದ ಕೋಣೆ ಇರಲಿಲ್ಲ. ಆದರೆ ಅಪ್ಪ ಅಮ್ಮನ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದವರು ಆ ಮಕ್ಕಳೇ.

ಎರಡು ಮಹಾಯುದ್ಧಗಳ ನಡುವಿನ ಹಡಗುಗಳು ಮಕ್ಕಳಿಗೆ ಸುಂದರವಾದ ಜಾಗ ಕೊಟ್ಟವು, ಆದರೆ ಪ್ರತ್ಯೇಕವಾಗಿಯೇ ಕೊಟ್ಟವು. ಫ್ರಾನ್ಸಿನ ‘ಇಲ್ ದ ಫ್ರಾನ್ಸ್’ನಲ್ಲಿ (1927) ಮಕ್ಕಳಿಗೆ ತಿರುಗುವ ಕುದುರೆಗಳ ಆಟವಿತ್ತು. 1935ರ ‘ನಾರ್ಮಂಡಿ’ಯಲ್ಲಿ ಮೊದಲ ದರ್ಜೆಯ ಊಟದ ಕೋಣೆ ಸುಮಾರು 93 ಮೀಟರ್ ಉದ್ದ, ಒಂದೇ ಪಂಕ್ತಿಗೆ 700 ಜನ ಕೂರಬಹುದಾದಷ್ಟು ದೊಡ್ಡದು. ಮಕ್ಕಳ ಊಟದ ಕೋಣೆಯೇ ಬೇರೆ. ಅದರ ಗೋಡೆಗಳ ಮೇಲೆ ಬಾಬಾರ್ ಎಂಬ ಆನೆಯ ಕಥೆಗಳನ್ನು ಸೃಷ್ಟಿಸಿದ ಜಾನ್ ದ ಬ್ರುನಾಫ್ ತನ್ನ ಆನೆಗಳನ್ನೇ ಚಿತ್ರಿಸಿದ್ದ. ಮಕ್ಕಳಿಗಾಗಿ ಹಡಗಿನಲ್ಲಿ ಆದ ಅಲಂಕಾರಗಳಲ್ಲಿ ಅದಕ್ಕಿಂತ ಒಳ್ಳೆಯದು ಇಂದಿಗೂ ಸಿಗುವುದು ಕಷ್ಟ. 1942ರಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ಬೆಂಕಿಗೆ ಸಿಕ್ಕ ಹಡಗು ಮತ್ತೆ ಓಡಲಿಲ್ಲ.

1958ರ ಅಕ್ಟೋಬರ್‌ನಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ಮೇಲೆ ಹಾರತೊಡಗಿದವು. ಐದು ದಿನದ ದಾರಿ ಕೆಲವೇ ಗಂಟೆಗಳಿಗೆ ಇಳಿಯಿತು; ಹಡಗು ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಉಳಿದ ಹಾದಿ ಬಾಲಿನ್ ತೋರಿಸಿದ್ದೊಂದೇ. 1966ರ ಡಿಸೆಂಬರ್‌ನಲ್ಲಿ ಹಡಗು ಉದ್ಯಮಿಗಳಾದ ಕ್ನುಟ್ ಕ್ಲೋಸ್ಟರ್ ಮತ್ತು ಟೆಡ್ ಆರಿಸನ್ ಮಿಯಾಮಿಯಿಂದ ‘ಸನ್‌ವರ್ಡ್’ ಓಡಿಸಿದರು. ಅವರ ಆ ಉದ್ಯಮವೇ ಇಂದಿನ ನಾರ್ವೇಜಿಯನ್ ಕಂಪನಿ. 1968ರಲ್ಲಿ ರಾಯಲ್ ಕೆರಿಬಿಯನ್ ಹುಟ್ಟಿತು. ಕ್ಲೋಸ್ಟರ್‌ನಿಂದ ಬೇರೆಯಾದ ಆರಿಸನ್ 1972ರಲ್ಲಿ ಕಾರ್ನಿವಲ್ ಕಟ್ಟಿದ. ಅದರ ಮೊದಲ ಹಡಗು ‘ಮಾರ್ಡಿ ಗ್ರಾ’ ಟ್ರಾವೆಲ್ ಏಜೆಂಟರನ್ನೇ ತುಂಬಿಕೊಂಡು ಹೊರಟ ಮೊದಲ ಯಾನದಲ್ಲೇ ಮಿಯಾಮಿಯ ಹತ್ತಿರ ಮರಳಿನಲ್ಲಿ ಸಿಕ್ಕಿಕೊಂಡಿತು. ಕಂಪನಿ ಮಾತ್ರ ಉಳಿದುಕೊಂಡಿತು. ಹಡಗೇ ಒಂದು ಜಾತ್ರೆ, ದಡ ಸೇರುವ ಅವಸರವಿಲ್ಲ ಎಂಬ ಅದರ ಧೋರಣೆ ಮಧ್ಯಮವರ್ಗಕ್ಕೆ ಹಿಡಿಸಿತು. 1977ರಿಂದ ಸುಮಾರು ಒಂಬತ್ತು ವರ್ಷ ಅಮೆರಿಕದ ಟಿವಿಯಲ್ಲಿ ಬಂದ ‘ದ ಲವ್ ಬೋಟ್’ ಧಾರಾವಾಹಿ ಹಡಗು ವಿಹಾರವನ್ನು ಮನೆಮನೆಯ ಮಾತಾಗಿಸಿತು. ಅದು ತೋರಿಸಿದ್ದು ಹೆಚ್ಚಾಗಿ ಪ್ರೇಮಿಗಳನ್ನು.

ಆ ದಿನಗಳ ಊಟದ ಕ್ರಮ ತಿಳಿದರೆ ಮುಂದಿನ ಬದಲಾವಣೆಗಳು ಅರ್ಥವಾಗುತ್ತವೆ. ಊಟದ ಕೋಣೆಯಲ್ಲಿ ಎಲ್ಲರಿಗೂ ಒಮ್ಮೆಗೆ ಜಾಗವಿಲ್ಲದ್ದರಿಂದ ಎರಡು ಪಂಕ್ತಿ: ಸಂಜೆ ಆರರ ಸುಮಾರಿಗೆ ಒಂದು, ಎಂಟು ದಾಟಿದ ಮೇಲೆ ಇನ್ನೊಂದು. ಪ್ರತಿ ಕುಟುಂಬಕ್ಕೂ ಗೊತ್ತಾದ ಮೇಜು, ಯಾನದ ಕೊನೆತನಕ ಅದೇ ವೇಟರ್. ಮಕ್ಕಳಿದ್ದವರು ಮೊದಲ ಪಂಕ್ತಿ ಹಿಡಿಯುತ್ತಿದ್ದರು. ಎರಡನೇ ದಿನಕ್ಕೆ ವೇಟರ್‌ಗೆ ಮಕ್ಕಳ ಹೆಸರು ಬರುತ್ತಿತ್ತು, ಮೂರನೇ ದಿನಕ್ಕೆ ಯಾರಿಗೆ ಖಾರ ಬೇಡ, ಯಾರಿಗೆ ಹಾಲು ಬೇಕು ಎಂಬುದೂ ಗೊತ್ತಿರುತ್ತಿತ್ತು. ಕೊನೆಯ ರಾತ್ರಿ ಲಕೋಟೆಯಲ್ಲಿ ಭಕ್ಷೀಸು. ಜಾಗದ ಕೊರತೆಯಿಂದ ಹುಟ್ಟಿದ ಈ ಕಟ್ಟುಪಾಡು ಹಡಗಿನ ಉಪಚಾರದ ಜೀವಾಳವಾಯಿತು.

ಕುಟುಂಬವನ್ನೇ ಗಿರಾಕಿ ಎಂದು ನೋಡಿದ ಮೊದಲ ಕಂಪನಿಗಳಲ್ಲಿ ಪ್ರೀಮಿಯರ್ ಮುಖ್ಯವಾದದ್ದು. ಅದರ ಗುಟ್ಟು ಭೂಗೋಳದಲ್ಲಿತ್ತು. ಫ್ಲೋರಿಡಾದ ಪೋರ್ಟ್ ಕ್ಯಾನವೆರಲ್ ಬಂದರು ಒರ್ಲಾಂಡೊದ ಡಿಸ್ನಿ ವರ್ಲ್ಡ್‌ಗೆ ಹತ್ತಿರ. 1980ರ ದಶಕದ ಮಧ್ಯದಿಂದ ಪ್ರೀಮಿಯರ್, ಕೆಂಪು ಬಳಿದ ಹಳೆಯ ‘ಓಶಿಯಾನಿಕ್’ ಹಡಗಿನಲ್ಲಿ ಮೂರು ನಾಲ್ಕು ದಿನದ ಯಾನವನ್ನೂ ಡಿಸ್ನಿ ಉದ್ಯಾನದ ಭೇಟಿಯನ್ನೂ ಒಂದೇ ಟಿಕೆಟ್ಟಿನಲ್ಲಿ ಕಟ್ಟಿ ಮಾರಿತು. ಮಿಕ್ಕಿ ಮೌಸ್ ವೇಷಧಾರಿ ಹಡಗಿನ ಮೇಲೆಯೇ ಮಕ್ಕಳ ಕೈಕುಲುಕುತ್ತಿದ್ದ. ಒಪ್ಪಂದ ಮುಗಿದಾಗ ಮಿಕ್ಕಿಯ ಜಾಗಕ್ಕೆ ಬಗ್ಸ್ ಬನ್ನಿ ಬಂದ. 2000ದಲ್ಲಿ ಪ್ರೀಮಿಯರ್ ಬಾಗಿಲು ಹಾಕಿತು. ಅಷ್ಟರಲ್ಲಿ ಡಿಸ್ನಿ ತಾನೇ ಹಡಗು ಕಟ್ಟಿಸಿಯಾಗಿತ್ತು.

1998ರ ಜುಲೈ 30ರಂದು ಹೊರಟ ‘ಡಿಸ್ನಿ ಮ್ಯಾಜಿಕ್’, ಇಟಲಿಯ ಫಿಂಕಾಂಟಿಯೆರಿ ಕಟ್ಟೆಯಲ್ಲಿ ಕಟ್ಟಿದ ಹಡಗು. ಕಪ್ಪಾಗಿ ಕಾಣುವ ಕಡುನೀಲಿ ಮೈ, ಕೆಂಪು ಹೊಗೆಕೊಳವೆ. ನೋಟವೆಲ್ಲ ಹಳೆಯ ಅಟ್ಲಾಂಟಿಕ್ ಹಡಗುಗಳದು. ಒಳಗಿನ ಲೆಕ್ಕಾಚಾರ ಮಾತ್ರ ಹೊಸತು. ಜೂಜಿನ ಕೋಣೆ ಇಲ್ಲ. ಬೇರೆ ಕಂಪನಿಗಳಿಗೆ ಅದು ದೊಡ್ಡ ಆದಾಯದ ಮೂಲ. ಒಂದು ಅಂತಸ್ತಿನ ಬಹುಭಾಗ ಮಕ್ಕಳ ಕ್ಲಬ್ಬುಗಳಿಗೇ ಮೀಸಲು. ಬೆಳಿಗ್ಗೆ ಮನೆಮಂದಿಯೆಲ್ಲ ಒಟ್ಟಿಗೆ ತಯಾರಾಗಬೇಕಲ್ಲ ಎಂದು ಹೆಚ್ಚಿನ ಕ್ಯಾಬಿನ್ನುಗಳಲ್ಲಿ ಸ್ನಾನಕ್ಕೊಂದು, ಶೌಚಕ್ಕೊಂದು ಕೋಣೆ. ಮಕ್ಕಳನ್ನು ಸಾಕಿದವರೇ ಇದನ್ನು ಯೋಚಿಸಿರಬೇಕು ಎನ್ನಿಸುವಂಥ ಏರ್ಪಾಡು.

ಆದರೂ ಆ ಹಡಗಿನ ನಿಜವಾದ ಜಾಣತನ ಕಾಣುವುದು ಊಟದಲ್ಲಿ. ಮೂರು ಬೇರೆ ಬೇರೆ ರೆಸ್ಟೋರೆಂಟುಗಳಲ್ಲಿ ಕುಟುಂಬ ದಿನಕ್ಕೊಂದರಂತೆ ಸುತ್ತುತ್ತದೆ, ಅವರ ವೇಟರ್ ಕೂಡ ಅವರೊಂದಿಗೇ ಸುತ್ತುತ್ತಾನೆ. ಕೋಣೆ ಬದಲಾದರೂ ಹೆಸರು ಹಿಡಿದು ಕರೆಯುವ ಮುಖ ಬದಲಾಗುವುದಿಲ್ಲ. ‘ಆನಿಮೇಟರ್ಸ್ ಪ್ಯಾಲೆಟ್’ ಎಂಬ ಕೋಣೆಯ ಗೋಡೆಗಳು ಊಟ ಶುರುವಾಗುವಾಗ ಕಪ್ಪುಬಿಳುಪು. ಒಂದೊಂದು ಬಡಿಸುವಿಕೆಗೂ ಬಣ್ಣ ತುಂಬುತ್ತ ಹೋಗುತ್ತದೆ. ಮಕ್ಕಳ ತಟ್ಟೆ ಮೊದಲು ಬರುತ್ತದೆ. ಎರಡನೇ ಪಂಕ್ತಿಯಲ್ಲಿ ಕೂತ ಮಕ್ಕಳು ಉಂಡು ಬೇಸರಪಡುವ ಹೊತ್ತಿಗೆ ಕ್ಲಬ್ಬಿನವರೇ ಬಂದು ಅವರನ್ನು ಆಟಕ್ಕೆ ಕರೆದೊಯ್ಯುತ್ತಾರೆ. ದೊಡ್ಡವರು ನಿಧಾನವಾಗಿ ಊಟ ಮುಗಿಸುತ್ತಾರೆ. ಮಕ್ಕಳೂ ಮೇಜಿನಲ್ಲಿದ್ದಾರೆ, ಹಿರಿಯರ ಊಟವೂ ಕೆಡುವುದಿಲ್ಲ. ‘ನಾರ್ಮಂಡಿ’ ಎರಡು ಕೋಣೆಗಳಲ್ಲಿ ಬಿಡಿಸಿದ ತೊಡಕನ್ನು ಡಿಸ್ನಿ ಒಂದೇ ಕೋಣೆಯಲ್ಲಿ, ಹೊತ್ತು ಹಂಚಿ ಬಿಡಿಸಿತು.

ರಾಯಲ್ ಕೆರಿಬಿಯನ್ ಹಿಡಿದದ್ದು ಆಟದ ದಾರಿ. 1999ರ ‘ವಾಯೇಜರ್ ಆಫ್ ದ ಸೀಸ್’ ಮಂಜುಗಡ್ಡೆಯ ಸ್ಕೇಟಿಂಗ್ ಅಂಗಣವನ್ನೂ ಬಂಡೆ ಹತ್ತುವ ಗೋಡೆಯನ್ನೂ ಕಡಲಿಗೆ ತಂದಿತು. 2009ರ ‘ಓಯಸಿಸ್’ನಲ್ಲಿ ಜೀವಂತ ಗಿಡಗಳ ತೋಟವೇ ಬೆಳೆಯಿತು. 2024ರ ಜನವರಿಯಲ್ಲಿ ಬಂದ ‘ಐಕಾನ್ ಆಫ್ ದ ಸೀಸ್’ 365 ಮೀಟರ್ ಉದ್ದ; ಅದರಲ್ಲಿ ಆರು ನೀರುಜಾರುಬಂಡೆಗಳಿವೆ. ಚಿಕ್ಕ ಮಕ್ಕಳ ಕುಟುಂಬಗಳಿಗೆಂದೇ ‘ಸರ್ಫ್‌ಸೈಡ್’ ಎಂಬ ಕೇರಿಯಂಥ ಜಾಗವಿದೆ. ಆಟದ ಕೊಳ, ತಿಂಡಿಯಂಗಡಿ, ತಂದೆತಾಯಿ ಕೂರುವ ಜಾಗ ಎಲ್ಲ ಒಂದೇ ಕಣ್ಣಳತೆಯಲ್ಲಿ ಇರುವುದರಿಂದ ಮಗುವಿನ ಹಿಂದೆ ಇಪ್ಪತ್ತು ಅಂತಸ್ತು ಓಡುವ ಕಷ್ಟವಿಲ್ಲ. ಉಪಚಾರದಲ್ಲಿ ಈ ಗಾತ್ರಕ್ಕೆ ಬೆಲೆಯೂ ಇದೆ. ಕ್ಯಾಬಿನ್ನಿಗೆ ಇಬ್ಬರಂತೆ ಲೆಕ್ಕ ಹಾಕಿದರೆ ಐಕಾನ್‌ನಲ್ಲಿ ಸುಮಾರು 5,600 ಪ್ರಯಾಣಿಕರಿಗೆ 2,350 ಸಿಬ್ಬಂದಿ. ಡಿಸ್ನಿಯ ‘ವಿಶ್’ನಲ್ಲಿ (2022) ಸುಮಾರು 2,500 ಮಂದಿಗೆ 1,550ರಷ್ಟು. ಡಿಸ್ನಿ ಯಾನಗಳು ಸಾಮಾನ್ಯವಾಗಿ ದುಬಾರಿಯಾಗಿರುವುದಕ್ಕೆ ಇದೂ ಒಂದು ಕಾರಣ.

ನಾರ್ವೇಜಿಯನ್ 2000ದಲ್ಲಿ ಗೊತ್ತಾದ ಮೇಜು, ಗೊತ್ತಾದ ಹೊತ್ತು ಎಂಬ ಕಟ್ಟುಪಾಡನ್ನೇ ಕೈಬಿಟ್ಟಿತು. ಹಸಿದಾಗ ಹೋಗು, ಬೇಕಾದ ಕಡೆ ಕೂರು. ಮಧ್ಯಾಹ್ನ ನಿದ್ದೆ ಹೋದ ಮಗುವನ್ನು ಆರು ಗಂಟೆಗೆ ಎಬ್ಬಿಸಬೇಕಾಗಿಲ್ಲದ ತಂದೆತಾಯಿಗೆ ಇದು ದೊಡ್ಡ ನಿರಾಳ. ಹೆಸರು ಬಲ್ಲ ವೇಟರ್ ಮಾತ್ರ ಇದರೊಂದಿಗೇ ಹೋದ. ಲಕೋಟೆಯ ಭಕ್ಷೀಸು ದಿನದ ಲೆಕ್ಕದಲ್ಲಿ ಬಿಲ್ಲಿಗೆ ಸೇರಿತು. ಕಾರ್ನಿವಲ್ ಅಗ್ಗದ ದರ, ಪಿಜ್ಜಾ, ಬರ್ಗರ್ ಮುಂತಾದ ಸರಳ ತಿನಿಸು, ವಯಸ್ಸಿಗೆ ತಕ್ಕಂತೆ ವಿಂಗಡಿಸಿದ ಮಕ್ಕಳ ಕ್ಲಬ್ಬು ಇವುಗಳಿಂದ ಮೊದಲ ಸಲ ಹಡಗು ಹತ್ತುವವರನ್ನು ಸೆಳೆಯಿತು. 2021ರಲ್ಲಿ ಯಾನ ಆರಂಭಿಸಿದ ಅದರ ಹೊಸ ‘ಮಾರ್ಡಿ ಗ್ರಾ’ ಕಡಲ ಮೇಲಿನ ಮೊದಲ ರೋಲರ್ ಕೋಸ್ಟರನ್ನು ಹೊತ್ತಿದೆ.

ಕೆಲವು ಕಟ್ಟಳೆಗಳು ಎಲ್ಲ ಕಂಪನಿಗಳಲ್ಲೂ ಹೆಚ್ಚುಕಡಿಮೆ ಒಂದೇ. ಸಾಮಾನ್ಯವಾಗಿ ಆರು ತಿಂಗಳು ತುಂಬದ ಕೂಸನ್ನು ಹತ್ತಿಸಿಕೊಳ್ಳುವುದಿಲ್ಲ. ಡಯಾಪರ್ ಬಿಡದ ಮಕ್ಕಳಿಗೆ ಈಜುಕೊಳಕ್ಕೆ ಪ್ರವೇಶವಿಲ್ಲ. ವಾಂತಿಭೇದಿಯ ಸೋಂಕು ಹಡಗಿನಲ್ಲಿ ಬೇಗ ಹರಡುವುದರಿಂದ ಅಮೆರಿಕದ ಆರೋಗ್ಯ ಇಲಾಖೆ 1970ರ ದಶಕದಿಂದ ತನ್ನ ಬಂದರುಗಳಿಗೆ ಬರುವ ಹಡಗುಗಳಿಗೆ ನೂರಕ್ಕೆ ಅಂಕ ಕೊಡುತ್ತಿದೆ. 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅನುತ್ತೀರ್ಣ. ಅಡುಗೆಮನೆಯ ಜೊತೆಗೆ ಮಕ್ಕಳ ಕ್ಲಬ್ಬಿನ ಕೈತೊಳೆಯುವ ತೊಟ್ಟಿಯನ್ನೂ ತಪಾಸಣೆಗಾರರು ನೋಡುತ್ತಾರೆ. ಜಾಹೀರಾತುಗಳಿಗಿಂತ ಈ ಅಂಕಪಟ್ಟಿ ಕುಟುಂಬಗಳಿಗೆ ಹೆಚ್ಚು ಉಪಯೋಗದ್ದು.

ಭಾರತದ ಕುಟುಂಬಗಳಿಗೆ ಈ ವಿಹಾರ ಮೊದಲು ಪರಿಚಯವಾದದ್ದು ಬಹುಮಟ್ಟಿಗೆ ಸಿಂಗಪುರದಿಂದ, 1993ರಲ್ಲಿ ಆರಂಭವಾದ ಸ್ಟಾರ್ ಕ್ರೂಸಸ್ ಮೂಲಕ. ಮುಂಬೈಯಿಂದ 2019ರಲ್ಲಿ ಹೊರಟ ಜಲೇಶ್ ಕಂಪನಿಯ ‘ಕರ್ಣಿಕಾ’ ಕೋವಿಡ್ ಹೊಡೆತಕ್ಕೆ ನಿಂತಿತು. 2021ರ ಸೆಪ್ಟೆಂಬರ್‌ನಿಂದ ಕಾರ್ಡೆಲಿಯಾ ಕಂಪನಿಯ ‘ಎಂಪ್ರೆಸ್’ ಮುಂಬೈಯಿಂದ ಗೋವಾ, ಲಕ್ಷದ್ವೀಪ, ಕೊಚ್ಚಿಗಳತ್ತ ಓಡುತ್ತಿದೆ. ಇದು 1990ರಲ್ಲಿ ರಾಯಲ್ ಕೆರಿಬಿಯನ್‌ಗಾಗಿ ಕಟ್ಟಿದ ಹಡಗು. ಇಲ್ಲಿಗೆ ಬಂದ ಮೇಲೆ ಅದರ ಅಡುಗೆಮನೆಯಲ್ಲಿ ಸಸ್ಯಾಹಾರಕ್ಕೂ ಜೈನರ ಊಟಕ್ಕೂ ಮುಖ್ಯ ಸ್ಥಾನ ಸಿಕ್ಕಿತು. ಪಣಂಬೂರಿನ ನವಮಂಗಳೂರು ಬಂದರಿಗೂ ಚಳಿಗಾಲದಲ್ಲಿ ವಿದೇಶದ ವಿಹಾರ ಹಡಗುಗಳು ಬರುತ್ತವೆ. ಪ್ರಯಾಣಿಕರು ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನೂ ಸಂತ ಅಲೋಶಿಯಸ್ ಚಾಪೆಲ್ಲನ್ನೂ ನೋಡಿ ಸಂಜೆಗೆ ಹಡಗು ಸೇರುತ್ತಾರೆ.

ಅಂಥ ಹಡಗುಗಳ ಊಟದ ಕೋಣೆಗಳಲ್ಲಿ ಗೋವಾ, ಮುಂಬೈ, ಮಂಗಳೂರು ಕಡೆಯವರು ಇಂದಿಗೂ ಇದ್ದಾರೆ. ಅವರ ಗುತ್ತಿಗೆ ಒಂದು ಸಲಕ್ಕೆ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು; ವಾರದ ರಜೆ ಎಂಬುದು ಇಲ್ಲದಂತೆಯೇ. ನಾವಿಕರ ದುಡಿಮೆಯ ಅಂತರರಾಷ್ಟ್ರೀಯ ಒಪ್ಪಂದ 2013ರಲ್ಲಿ ಜಾರಿಗೆ ಬಂದು ದಿನಕ್ಕೆ ಕನಿಷ್ಠ ಹತ್ತು ಗಂಟೆ ವಿಶ್ರಾಂತಿಯನ್ನು ಕಡ್ಡಾಯ ಮಾಡಿತು. ಭಾರತ 2015ರಲ್ಲಿ ಅದನ್ನು ಅನುಮೋದಿಸಿತು. ಮೂರನೇ ದಿನಕ್ಕೆ ಪ್ರಯಾಣಿಕರ ಮಗುವಿನ ರುಚಿ ಅರಿತು ತಟ್ಟೆ ಮುಂದಿಡುವ ಆ ವೇಟರ್ ತನ್ನ ಮಕ್ಕಳೊಂದಿಗೆ ಕೂತು ಉಣ್ಣುವುದು ಗುತ್ತಿಗೆ ಮುಗಿಸಿ ಊರಿಗೆ ಬಂದಾಗ, ಮುಂದಿನ ಕರೆ ಬರುವ ಮೊದಲಿನ ಒಂದೆರಡು ತಿಂಗಳಲ್ಲಿ.