ಎಲ್ಲ ಬೆನ್ನೂ ಸವಾರಿಗಲ್ಲ

ಹೋದ ಬೇಸಿಗೆ ರಜೆಯಲ್ಲಿ ಮೊಮ್ಮಗನನ್ನು ಮರೀನಾ ಕಡಲತೀರಕ್ಕೆ ಕರೆದುಕೊಂಡು ಹೋಗಿದ್ದೆ. ಸುಂಡಲ್ ತಿಂದು, ಅಲೆಯಲ್ಲಿ ಕಾಲು ನೆನೆಸಿಕೊಂಡ ಮೇಲೆ ಅವನ ಕಣ್ಣು ಸವಾರಿ ಕುದುರೆಯ ಮೇಲೆ ಬಿತ್ತು. "ಅಜ್ಜಿ, ನೀನೂ ಬಾ, ಇಬ್ರೂ ಕೂತ್ಕೊಳ್ಳೋಣ" ಎಂದ. ಕುದುರೆ ಕಂಡರೆ ಕಾಲುನೋವು ಅನ್ನುತ್ತಾರಲ್ಲ, ನನಗಂತೂ ನಿಜವಾದ ಬೆನ್ನುನೋವು. ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡೇ ಬಂದಿದ್ದೆ. "ನಾನು ಬರಲ್ಲಪ್ಪ" ಎಂದೆ.

ಅವನು ಒಂದು ಕ್ಷಣ ಯೋಚಿಸಿ ಕೇಳಿದ: "ಹಾಗಾದ್ರೆ ಕುದುರೆ ಮೇಲೆ ಮಾತ್ರ ಯಾಕೆ ಕೂರ್ತಾರೆ? ನಮ್ಮ ಬೀದಿ ಹಸು ಮೇಲೆ ಯಾಕೆ ಕೂರಲ್ಲ? ಗಣಪ ಇಲಿ ಮೇಲೇ ಕೂರ್ತಾನಲ್ಲ?"

"ದೇವರ ಲೆಕ್ಕ ಬೇರೆ ಮಗಾ" ಎಂದು ತಪ್ಪಿಸಿಕೊಂಡೆ. ಆದರೆ ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ಇತಿಹಾಸ ಪಾಠ ಮಾಡಿದವಳು ನಾನು. ಹೈದರನ ಅಶ್ವಪಡೆ, ವಿಜಯನಗರದ ಗಜಪಡೆ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ! ಆ ಪ್ರಾಣಿಗಳು ನಮ್ಮನ್ನು ಹೊತ್ತದ್ದಾದರೂ ಯಾಕೆ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಮನೆಗೆ ಬಂದು ಓದಲು ಕೂತೆ.

ಮೊದಲು ತಿಳಿದದ್ದು, ಇದು ಬರೀ ಬಲದ ಪ್ರಶ್ನೆ ಅಲ್ಲ ಎಂಬುದು. ಬಲವೇ ಮುಖ್ಯವಾಗಿದ್ದರೆ ಕೋಣವೇ ಮೊದಲ ವಾಹನವಾಗಬೇಕಿತ್ತು. ಕುದುರೆಯ ಎದೆಭಾಗದ ಬೆನ್ನುಮೂಳೆಯಲ್ಲಿ ಸಾಮಾನ್ಯವಾಗಿ 18 ಮಣಿಗಳಿರುತ್ತವೆ. ಅವು ಪಕ್ಕೆಲುಬುಗಳ ಜೊತೆ ಬಿಗಿಯಾಗಿ ಕೂಡಿಕೊಂಡಿರುವುದರಿಂದ ಓಡುವಾಗ ಬೆನ್ನು ಹೆಚ್ಚು ಬಾಗುವುದಿಲ್ಲ. ಮೂಳೆಯ ಎರಡೂ ಪಕ್ಕ ದಪ್ಪ ಸ್ನಾಯುಗಳಿವೆ. ಒಳ್ಳೆಯ ಜೀನು ಸವಾರನ ಭಾರವನ್ನು ಆ ಸ್ನಾಯುಗಳ ಮೇಲೆ ಹಂಚುತ್ತದೆ, ನಡುಮೂಳೆಗೆ ತಾಗಗೊಡುವುದಿಲ್ಲ. ಹಾಗಿದ್ದೂ ಸವಾರ, ಜೀನು ಎಲ್ಲ ಸೇರಿ ಕುದುರೆಯ ತೂಕದ ಐದರಲ್ಲೊಂದು ಪಾಲು ಮೀರಬಾರದು ಎಂಬುದು ಸಾಮಾನ್ಯ ಲೆಕ್ಕ. 350 ಕಿಲೋ ತೂಗುವ ಕುದುರೆಗೆ 70 ಕಿಲೋ.

ಇದೆಲ್ಲ ಹುಟ್ಟಿನಿಂದಲೇ ಬಂದ ವರವೂ ಅಲ್ಲ. ಫ್ರಾನ್ಸಿನ ಲುಡೋವಿಕ್ ಓರ್ಲಾಂಡೋ ಎಂಬ ವಿಜ್ಞಾನಿಯ ತಂಡ ಪ್ರಾಚೀನ ಕುದುರೆಗಳ ಎಲುಬಿನಿಂದ ಡಿಎನ್‌ಎ ತೆಗೆದು ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿತು. ಇಂದಿನ ಸಾಕು ಕುದುರೆಗಳ ಪೂರ್ವಜರು ರಷ್ಯಾದ ವೋಲ್ಗಾ ಮತ್ತು ಡಾನ್ ನದಿಗಳ ಬಯಲಿನವು. ಕ್ರಿ.ಪೂ. 2200ರ ಸುಮಾರಿಗೆ ಅಲ್ಲಿಂದ ಎಲ್ಲೆಡೆ ಹಬ್ಬತೊಡಗಿದವು. ಅಲ್ಲಿನ ಜನ ಆರಿಸಿ ಆರಿಸಿ ತಳಿ ಬೆಳೆಸಿದ್ದರ ಗುರುತು ಮುಖ್ಯವಾಗಿ ಎರಡು ವಂಶವಾಹಿಗಳಲ್ಲಿ ಕಂಡಿತು. ಒಂದು ಬೆನ್ನಿಗೆ ಸಂಬಂಧಿಸಿದ್ದು, ಇನ್ನೊಂದು ಸ್ವಭಾವಕ್ಕೆ. ಗಟ್ಟಿ ಬೆನ್ನು, ಹೆದರಿ ಎಗರದ ಮನಸ್ಸು, ಎರಡೂ ಕೂಡಿದಾಗಲೇ ಸವಾರಿ.

ಸ್ವಭಾವ ಎಷ್ಟು ಮುಖ್ಯ ಎನ್ನುವುದಕ್ಕೆ ಜೀಬ್ರಾ ಸಾಕ್ಷಿ. ನೋಡಲು ಕುದುರೆಯ ತಂಗಿಯಂತೆಯೇ ಇದೆ. ಆದರೆ ಸಿಂಹಗಳ ನಡುವೆ ಬಾಳಿದ ಪ್ರಾಣಿ, ಹತ್ತಿರ ಬಂದವರನ್ನು ಕಚ್ಚುತ್ತದೆ, ಒದೆಯುತ್ತದೆ. ಲಂಡನ್ನಿನ ಶ್ರೀಮಂತ ವಾಲ್ಟರ್ ರಾತ್‌ಚೈಲ್ಡ್ 1890ರ ದಶಕದಲ್ಲಿ ಜೀಬ್ರಾಗಳನ್ನು ಸಾರೋಟಿಗೆ ಕಟ್ಟಿ ಬೀದಿಯಲ್ಲಿ ಓಡಿಸಿ ತೋರಿಸಿದ. ಜನ ಬಾಯಿಬಿಟ್ಟು ನೋಡಿದರು, ಅಷ್ಟೇ. ಸವಾರಿಗೆಂದು ಜೀಬ್ರಾ ಸಾಕುವ ರೂಢಿ ಎಲ್ಲೂ ಬೇರೂರಲಿಲ್ಲ.

ಇನ್ನು ಹಸು, ಎತ್ತು. ತುಮಕೂರು ಜಿಲ್ಲೆಯ ನಮ್ಮ ಅಜ್ಜನ ಮನೆಯಲ್ಲಿ ಹಳ್ಳಿಕಾರ್ ಎತ್ತುಗಳಿದ್ದವು. ಚಿಕ್ಕಂದಿನಲ್ಲಿ ನಾನೊಮ್ಮೆ ಜಗಲಿಯಿಂದ ಎತ್ತಿನ ಬೆನ್ನಿಗೆ ಜಾರಿದ್ದಕ್ಕೆ ಅಜ್ಜ ಗದರಿದ್ದರು: "ಇಳಿಯೇ ಕೆಳಗೆ! ಅದರ ಕಸುವು ಹೆಗಲಲ್ಲಿದೆ ಕಣೇ, ಬೆನ್ನಲ್ಲಲ್ಲ." ಅಜ್ಜನ ಮಾತು ಸರಿಯಾಗಿಯೇ ಇತ್ತು. ನಮ್ಮ ಎತ್ತುಗಳ ಹಿಣಿಲು ನೊಗ ಒರಗಲು ಹೇಳಿಮಾಡಿಸಿದಂತಿದೆ. ಬೆನ್ನ ಮೇಲೆ ಚರ್ಮ ಸಡಿಲ, ಜೀನು ಜಾರುತ್ತದೆ. ತಿಂದ ಮೇಲೆ ಮೆಲುಕು ಹಾಕಲು ಗಂಟೆಗಟ್ಟಲೆ ಬಿಡುವೂ ಬೇಕು. ಹಾಗೆಂದು ಎತ್ತು ಹೊರೆ ಹೊರುವುದಿಲ್ಲ ಎಂದಲ್ಲ. ಲಂಬಾಣಿಗರ ಹೇರೆತ್ತುಗಳು ಎರಡೂ ಪಕ್ಕ ಚೀಲ ತೂಗಿಕೊಂಡು ಉಪ್ಪು, ದವಸವನ್ನು ದೇಶದುದ್ದಕ್ಕೂ ಸಾಗಿಸಿವೆ. ಆದರೆ ಅವುಗಳ ನಿಜವಾದ ಕಸುಬು ಎಳೆಯುವುದು. ಕರಾವಳಿಯ ಕಂಬಳದಲ್ಲೂ ನೋಡಿ, ಅಷ್ಟು ಬಲಿಷ್ಠ ಕೋಣಗಳ ಬೆನ್ನನ್ನು ಯಾರೂ ಏರುವುದಿಲ್ಲ. ಓಡಿಸುವವನು ಹಿಂದೆ ಓಡುತ್ತಾನೆ, ಇಲ್ಲವೇ ಹಲಗೆಯ ಮೇಲೆ ನಿಲ್ಲುತ್ತಾನೆ.

ಎಳೆಯುವ ಎತ್ತು, ಹೊರುವ ಕುದುರೆ ಎರಡನ್ನೂ ಚೆನ್ನಾಗಿ ಬಲ್ಲವನು ಹೈದರ್ ಅಲಿ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಿಂದ 'ಬೆಣ್ಣೆ ಚಾವಡಿ' ಎಂಬ ದನಗಳ ಇಲಾಖೆ ಇತ್ತು. ಹೈದರ್ ಅದನ್ನು ಬೆಳೆಸಿ ಎತ್ತುಗಳಿಗೆ ಫಿರಂಗಿ ಎಳೆಯುವ ಕೆಲಸ ಕೊಟ್ಟ. ಮುಂದೆ ಟಿಪ್ಪು ಅದಕ್ಕೆ 'ಅಮೃತ ಮಹಲ್' ಎಂದು ಹೆಸರಿಟ್ಟ. ಆದರೆ 1769ರ ಮಾರ್ಚಿಯಲ್ಲಿ ಹೈದರನಿಗೆ ವೇಗ ಬೇಕಾಯಿತು. ಫಿರಂಗಿ, ಸಾಮಾನುಗಳನ್ನು ಹಿಂದೆ ಬಿಟ್ಟು, ಸುಮಾರು ಆರು ಸಾವಿರ ಆಯ್ದ ಸವಾರರೊಂದಿಗೆ ಮೂರೂವರೆ ದಿನದಲ್ಲಿ 130 ಮೈಲಿ ಬಂದು ಮದ್ರಾಸಿನ ಹೊರವಲಯದಲ್ಲಿ ನಿಂತ. ಕೋಟೆಯೊಳಗಿನ ಕಂಪನಿ ಸರಕಾರ ಬೆಚ್ಚಿ ಏಪ್ರಿಲ್ ಮೊದಲ ವಾರದಲ್ಲಿ ಒಪ್ಪಂದಕ್ಕೆ ಸಹಿ ಹಾಕಿತು. ಪರಂಗಿಮಲೆಯ ಸುತ್ತಮುತ್ತ ಮನೆ ಮಾಡಿಕೊಂಡಿರುವ ನಮ್ಮ ಕನ್ನಡಿಗರಲ್ಲಿ ಎಷ್ಟು ಮಂದಿಗೆ ಇದು ನೆನಪಿದೆಯೋ!

ಆದರೆ ಅಂಥ ಕುದುರೆಯನ್ನು ದಕ್ಷಿಣದಲ್ಲಿ ಸಾಕುವುದು ಸುಲಭವಿರಲಿಲ್ಲ. 13ನೇ ಶತಮಾನದ ಕೊನೆಯಲ್ಲಿ ಈ ಕರಾವಳಿಗೆ ಬಂದ ಮಾರ್ಕೊ ಪೋಲೊ, ಇಲ್ಲಿನ ರಾಜರು ಸಾವಿರಾರು ಕುದುರೆ ಕೊಳ್ಳುತ್ತಾರೆ, ಆರೈಕೆ ತಿಳಿಯದೆ ಅವು ಸಾಯುತ್ತವೆ ಎಂದು ಬರೆದ. ವಿಜಯನಗರದ ರಾಯರು ವರ್ಷಕ್ಕೆ ಹದಿಮೂರು ಸಾವಿರ ಕುದುರೆ ಕೊಳ್ಳುತ್ತಿದ್ದರು ಎಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಹೊರಲು ಬಲ್ಲ ಪ್ರಾಣಿಯೂ ತಕ್ಕ ಮೇವು, ಹವೆ, ನೋಡಿಕೊಳ್ಳುವ ಕೈ ಇಲ್ಲದಿದ್ದರೆ ಉಳಿಯುವುದಿಲ್ಲ.

ಹಾಗಾದರೆ ಆನೆ? ದಸರೆಯ 750 ಕಿಲೋ ಅಂಬಾರಿ ಹೊರುವ ಪ್ರಾಣಿಗೆ ಏನು ಕಡಿಮೆ ಎನಿಸುತ್ತದೆ. ಆದರೆ ಅದರ ಬೆನ್ನುಮೂಳೆಯ ಮೊನೆಗಳು ಮೇಲಕ್ಕೆ ಚಾಚಿವೆ, ಅದಕ್ಕೇ ಅಂಬಾರಿಯ ಕೆಳಗೆ ದಪ್ಪ ಗಾದಿ ಹಾಕುತ್ತಾರೆ. ಮಾವುತ ಕೂರುವುದು ಬೆನ್ನ ಮೇಲಲ್ಲ, ಕಿವಿಗಳ ಹಿಂದೆ ಕತ್ತಿನ ಮೇಲೆ. ಕುದುರೆಯಂತೆ ಆನೆಯನ್ನು ನಾವು ತಲೆಮಾರುಗಟ್ಟಲೆ ತಳಿ ಮಾಡಿ ಬೆಳೆಸಲೂ ಇಲ್ಲ, ಹೆಚ್ಚಾಗಿ ಕಾಡಿನಿಂದ ಹಿಡಿದು ತಂದು ಪಳಗಿಸಿದೆವು. ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ.

ಇಷ್ಟು ಓದಿದ ಮೇಲೆ ಮೊಮ್ಮಗನಿಗೆ ಮನ್ರೋ ಪ್ರತಿಮೆ ತೋರಿಸಲು ಐಲ್ಯಾಂಡ್ ಗ್ರೌಂಡ್ಸ್ ಕಡೆ ಕರೆದೊಯ್ದೆ. ಥಾಮಸ್ ಮನ್ರೋ ಹೈದರನ ವಿರುದ್ಧ ಕಾದಾಡಿದವನು, ಕೆನರಾ ಮತ್ತು ಬಳ್ಳಾರಿ ಸೀಮೆಯ ಕಲೆಕ್ಟರಾಗಿ ನಮ್ಮವರನ್ನು ಕಂಡವನು, ಆಮೇಲೆ ಮದ್ರಾಸಿನ ಗವರ್ನರ್. ಫ್ರಾನ್ಸಿಸ್ ಚಾಂಟ್ರಿ ಮಾಡಿದ ಈ ಪ್ರತಿಮೆಯನ್ನು 1839ರಲ್ಲಿ ನಿಲ್ಲಿಸಿದರು. ಸವಾರ ಕಾಲೂರುವ ರಿಕಾಪು ಇದಕ್ಕಿಲ್ಲ. ಶಿಲ್ಪಿ ಮರೆತುಬಿಟ್ಟ ಎಂದು ಊರವರು ಕಥೆ ಹೇಳುತ್ತಾರೆ. ಆದರೆ ರಿಕಾಪಿಲ್ಲದ ಸವಾರಿ ಅಸಾಧ್ಯವೇನಲ್ಲ, ಪ್ರಾಚೀನ ಗ್ರೀಕರು, ರೋಮನ್ನರು ಹಾಗೆಯೇ ಏರುತ್ತಿದ್ದರು. ಜೀನು, ಲಗಾಮು, ರಿಕಾಪು ಎಲ್ಲ ನಾವು ಮಾಡಿಕೊಂಡ ಅನುಕೂಲ. ಬೆನ್ನು ಮಾತ್ರ ಕುದುರೆಯದೇ.

ಓದಿದ್ದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಇನ್ನೊಂದಿದೆ. ಕುದುರೆಯ ಬೆನ್ನಿಗೆ ಸಂಬಂಧಿಸಿದ ಆ ವಂಶವಾಹಿಗೂ ಮನುಷ್ಯರ ಬೆನ್ನುನೋವಿಗೂ ನಂಟಿದೆಯಂತೆ. ಅದನ್ನು ಓದುವಾಗ ಅಮ್ಮ ನೆನಪಾದಳು. ಸೊಂಟದ ಮೇಲೊಂದು, ತಲೆಯ ಮೇಲೊಂದು ಬಿಂದಿಗೆ ಹೊತ್ತು ಬಾವಿಯಿಂದ ಬರುತ್ತಿದ್ದಳು. ಐವತ್ತಕ್ಕೆಲ್ಲ ಬೆನ್ನು ಬಾಗಿತು. "ಅವಳು ಗಟ್ಟಿಗಿತ್ತಿ, ಎಷ್ಟಾದರೂ ಹೊರುತ್ತಾಳೆ" ಎಂದು ಎಲ್ಲರೂ ಹೊಗಳುತ್ತಿದ್ದರು, ನಾನೂ ಕೂಡ. ಕುದುರೆಗೆ ಐದರಲ್ಲೊಂದು ಪಾಲು ಎಂಬ ಲೆಕ್ಕವಾದರೂ ಇದೆ. ಅಮ್ಮನಿಗೆ ಯಾರೂ ಲೆಕ್ಕ ಹಾಕಲಿಲ್ಲ. ಗೆಳತಿಯರೇ, ಆವತ್ತಿನಿಂದ ತುಂಬಿದ ಗ್ಯಾಸ್ ಸಿಲಿಂಡರ್ ಎಳೆಯುವುದನ್ನು ಬಿಟ್ಟಿದ್ದೇನೆ. ಮನೆಯಲ್ಲಿ ಕೇಳಿದವರಿಗೆ ಕುದುರೆಯ ಲೆಕ್ಕ ಹೇಳುತ್ತೇನೆ.

ರಜೆ ಮುಗಿಯುವ ಮುನ್ನ ಮತ್ತೆ ಮರೀನಾಕ್ಕೆ ಹೋದೆವು. ಕುದುರೆಯ ಹತ್ತಿರ ಹೋದ ಮೊಮ್ಮಗ ಹಿಂತಿರುಗಿ ನೋಡಿ ಕೇಳಿದ: "ಅಜ್ಜಿ, ನನ್ನ ತೂಕ ಎಷ್ಟು?"

"ಇಪ್ಪತ್ತೆರಡು ಕಿಲೋ."

ಅವನು ಬೆರಳು ಮಡಚಿ ಏನೋ ಎಣಿಸಿದ. "ಹಾಗಾದ್ರೆ ಅದಕ್ಕೆ ನೋವಾಗಲ್ಲ" ಎಂದು ಕುದುರೆಯ ಕತ್ತು ಸವರಿ, ಆಮೇಲೆ ಏರಿದ.