ಅಕ್ಷರಗಳ ವೇಷಾಂತರ

ಹೊನ್ನಾಳಿ ಮತ್ತು ಚನ್ನಗಿರಿ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸರು 1902 ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿಯೂ, ಜಗಳೂರಿನವನ್ನು 1903 ರಲ್ಲಿ ಹನ್ನೊಂದನೆಯದರಲ್ಲಿಯೂ ಪ್ರಕಟಿಸಿದರು. ನ್ಯಾಮತಿಯು ಆಗ ಹೊನ್ನಾಳಿಗೆ ಸೇರಿದ್ದಿತು. ಅಳಿದ ಅಕ್ಷರ ಬೇರೆ, ಓದಲು ಬಾರದ ಅಕ್ಷರ ಬೇರೆ ಎಂಬುದು ಶಾಸನಾಭ್ಯಾಸಿಗಳ ಮೊದಲನೆಯ ಪಾಠ. ಗಣಕಯಂತ್ರದಲ್ಲಿ ಹಾಡುಗಳನ್ನು ಕೂಡಿಟ್ಟಿರುವ ಗೃಹಸ್ಥರಿಗೂ ಈ ಪಾಠವೇ ಈಗ ಬೇಕಾಗಿರುವುದು.

ಸೋಬಾನೆ, ಭಜನೆ, ಕೋಲಾಟದ ಪದಗಳು ಧ್ವನಿಸುರುಳಿಯಿಂದ ಎಂಪಿ3 ಕಡತಗಳಿಗೆ ಇಳಿದಿವೆ. ಕಡತದೊಳಗೆ ಹಾಡಿನ ಹೆಸರನ್ನೂ ಹಾಡಿದವರ ಹೆಸರನ್ನೂ ಬರೆದಿಡುವ ಚೀಟಿಗೆ ಟ್ಯಾಗ್ ಎಂದು ಹೆಸರು. ಹಾಡು ಇಂಪಾಗಿ ಕೇಳಿಬರುತ್ತಿದ್ದರೂ ಚೀಟಿಯಲ್ಲಿ ಅರ್ಥವಿಲ್ಲದ ಚಿಹ್ನೆಗಳು ತೋರುವುದುಂಟು. ಇಂತಹ ತೊಡಕನ್ನು ಬಹುವಾಗಿ ಅನುಭವಿಸಿದ ಜಪಾನೀಯರು ಇದನ್ನು ಮೋಜಿಬಾಕೆ, ಎಂದರೆ ಅಕ್ಷರಗಳ ವೇಷಾಂತರ, ಎಂದು ಕರೆಯುವರು.

ಇದರ ಮೂಲವು 1996 ರ ಐಡಿ3 ಎಂಬ ಚೀಟಿಯಲ್ಲಿದೆ. ಅದರ ಪ್ರಮಾಣ 128 ಬೈಟು. ಹಾಡಿನ ಹೆಸರಿಗೆ ದೊರೆತುದು 30 ಮಾತ್ರ. ಅದು ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟು ಮಾಡಿದ ಏರ್ಪಾಡು. ಕನ್ನಡಕ್ಕೆ 1991 ರಲ್ಲಿಯೇ ಯೂನಿಕೋಡಿನಲ್ಲಿ ಸ್ಥಾನವು ದೊರೆತಿದ್ದರೂ, ಯುಟಿಎಫ್-8 ಎಂಬ ಬರವಣಿಗೆಯಲ್ಲಿ ಅದರ ಒಂದೊಂದು ಸಂಕೇತಕ್ಕೂ 3 ಬೈಟು ಬೇಕು. 'ಚನ್ನಗಿರಿ' ಎಂಬುದೊಂದಕ್ಕೇ 24 ಬೈಟುಗಳು ತೀರುವುವು. 'ಚನ್ನಗಿರಿ ಕೋಲಾಟ' ಎಂದು ಬರೆಯಹೊರಟರೆ 'ಕ'ಕಾರದಲ್ಲಿಯೇ ನಿಲ್ಲಬೇಕಾಗುವುದು. 1998 ರ ಪರಿಷ್ಕರಣದಲ್ಲಿ ಯೂನಿಕೋಡಿಗೂ, 2000 ದಲ್ಲಿ ಯುಟಿಎಫ್-8 ಕ್ಕೂ ಅವಕಾಶವಾಯಿತು. ಆದರೆ ಹಳೆಯ ಚೀಟಿಗಳು ಹಾಗೆಯೇ ಉಳಿದುವು.

ವಿಕಾರವು ಮೂರು ಬಗೆ. ಮೊದಲನೆಯದು ಯುಟಿಎಫ್-8 ನ್ನು ಲ್ಯಾಟಿನ್ ಎಂದು ಓದಿದುದು: ನೆತ್ತಿಯ ಮೇಲೆ ಗೀಟುಳ್ಳ ರೋಮನ್ ಅಕ್ಷರ, ಅದರ ಬೆನ್ನಿಗೆ ಎತ್ತರದಲ್ಲಿ ಸಣ್ಣ 2 ಅಥವಾ 3, ಹೀಗೆ ಮತ್ತೆ ಮತ್ತೆ ಬಂದರೆ ಅದು ಕನ್ನಡವೇ ಸರಿ. ಬೈಟುಗಳು ಕೆಟ್ಟಿಲ್ಲ, ಓದು ಮಾತ್ರ ತಪ್ಪಿದೆ. ಸರಿಯಾದ ಸಂಕೇತಕ್ರಮದಲ್ಲಿ ಓದಿಸಿದರೆ ಹೆಸರು ಮರಳುವುದು.

ಎರಡನೆಯದು ನುಡಿ, ಬರಹ ಮೊದಲಾದವುಗಳ ಹಳೆಯ ಅಕ್ಷರಮಾದರಿಗಳಲ್ಲಿ ಬರೆದುದು. ಇವು ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕುಳ್ಳಿರಿಸಿದುವು. ಇಲ್ಲಿ ಸ್ಥಾನಪಲ್ಲಟವೊಂದೇ ಸಾಲದು. 'ಧರ್ಮ' ಎಂಬಲ್ಲಿ ಕಣ್ಣಿಗೆ ಅರ್ಕಾವೊತ್ತು ಮಕಾರದ ಅನಂತರ ಕಾಣುವುದು. ಯೂನಿಕೋಡಾದರೋ ಉಚ್ಚಾರಣಕ್ರಮವನ್ನನುಸರಿಸಿ ರೇಫವನ್ನು ಮೊದಲಿಡುವುದು. ಆಕಾರದ ಕ್ರಮವನ್ನು ಧ್ವನಿಯ ಕ್ರಮಕ್ಕೆ ತಿರುಗಿಸಬಲ್ಲ ಪರಿವರ್ತಕವೇ ಆಗಬೇಕು.

ಮೂರನೆಯದೇ ನಿಜವಾದ ನಾಶ. ಕನ್ನಡವನ್ನರಿಯದ ತಂತ್ರಾಂಶವು ಹೆಸರನ್ನು ಪ್ರಶ್ನಾರ್ಥಕ ಚಿಹ್ನೆಗಳಾಗಿ ಮಾರ್ಪಡಿಸಿ ಉಳಿಸಿತೆಂದರೆ ಮೂಲ ಬೈಟುಗಳೇ ಇಲ್ಲವಾಗುವುವು. ಮೊದಲಿನವೆರಡು ಮಣ್ಣು ಮುಚ್ಚಿದ ಶಾಸನಗಳಾದರೆ ಇದು ಉಳಿಯಿಂದ ಕೆತ್ತಿಹಾಕಿದುದು.

ಆದುದರಿಂದ ಅವಸರವು ಸಲ್ಲದು. ಮೊದಲು ಕಡತದ ಪ್ರತಿಯೊಂದನ್ನು ತೆಗೆದಿಡಬೇಕು. ವಿಕಾರವು ಯಾವ ಬಗೆಯದೆಂದು ನೋಡಬೇಕು. ಒಂದು ಹಾಡನ್ನು ತಿದ್ದಿ, ಸರಿಯೆಂದು ಕಂಡ ಮೇಲೆಯೇ ಉಳಿದವನ್ನು ಯೂನಿಕೋಡಿಗೆ ತಿರುಗಿಸಬೇಕು. ಚಲನಚಿತ್ರಗೀತೆಯ ಹೆಸರು ಹೋದರೆ ಬೇರೆಡೆಯಲ್ಲಿ ದೊರೆಯುವುದು. ಮದುವೆಯ ಚಪ್ಪರದಲ್ಲಿ ಸೋಬಾನೆ ಹಾಡಿ ಗತಿಸಿದ ವೃದ್ಧೆಯ ಹೆಸರಾದರೋ ಆ ಮೂವತ್ತು ಬೈಟುಗಳಲ್ಲಿ ಮಾತ್ರ ಉಳಿದಿರಬಹುದು.