ಭದ್ರತಾ ಪಿನ್ ಬೀಗಗಳನ್ನು ತೆಗೆಯುವ ಹವ್ಯಾಸ

ಪಿನ್ ಟಂಬ್ಲರ್ ಬೀಗವನ್ನು ಕೀಲಿಕೈ ಇಲ್ಲದೆ ತೆಗೆಯಲು ಹೊರಟವರ ದಾರಿ ತಪ್ಪಿಸಲೆಂದೇ ವಿಶೇಷ ಆಕಾರದಲ್ಲಿ ಕಡೆದ ಲೋಹದ ಪಿನ್‌ಗಳಿಗೆ ಭದ್ರತಾ ಪಿನ್‌ಗಳೆನ್ನುತ್ತಾರೆ. ಸ್ವಂತ ಬೀಗವನ್ನು ಹಾಳುಮಾಡದೆ, ಸಣ್ಣ ಉಪಕರಣಗಳಿಂದ ತೆಗೆಯುವ ಕೈಚಳಕದ ಆಟ ಲಾಕ್‌ಸ್ಪೋರ್ಟ್ ಎಂಬ ಹೆಸರಿನಲ್ಲಿ ಹಲವು ದೇಶಗಳಲ್ಲಿ ಹವ್ಯಾಸವಾಗಿ ಬೆಳೆದಿದೆ. ಸಾದಾ ಪಿನ್‌ಗಳಿಂದ ಭದ್ರತಾ ಪಿನ್‌ಗಳಿಗೆ ದಾಟುವುದು ಇದರ ಕಲಿಕೆಯ ಮುಖ್ಯ ಘಟ್ಟ.

ರಚನೆ

ಪಿನ್ ಟಂಬ್ಲರ್ ಬೀಗದಲ್ಲಿ ಕೀಲಿಕೈ ಹೊಗುವ ಉರುಳೆಗೆ ಪ್ಲಗ್ ಎಂದು ಹೆಸರು. ಇದು ಹೊರಕವಚದೊಳಗೆ ತಿರುಗುತ್ತದೆ. ಸಾಮಾನ್ಯವಾಗಿ ಐದಾರು ರಂಧ್ರಗಳು ಇವೆರಡನ್ನೂ ಹಾಯ್ದಿರುತ್ತವೆ. ಪ್ರತಿ ರಂಧ್ರದಲ್ಲಿ ಕೀಲಿಕೈಗೆ ತಾಗುವ ಕೀ ಪಿನ್, ಅದರಾಚೆ ಡ್ರೈವರ್ ಪಿನ್, ಅದನ್ನು ಒತ್ತುವ ಸ್ಪ್ರಿಂಗ್ ಇರುತ್ತವೆ. ಸರಿಯಾದ ಕೀಲಿಕೈ ಹಾಕಿದಾಗ ಪ್ರತಿ ಜೋಡಿಯ ಸಂದು ಪ್ಲಗ್ ಮತ್ತು ಕವಚ ಕೂಡುವ ಗೆರೆಗೆ, ಅಂದರೆ ಶಿಯರ್ ಲೈನ್‌ಗೆ ಬಂದು ನಿಲ್ಲುತ್ತದೆ. ಆಗ ಪ್ಲಗ್ ತಿರುಗುತ್ತದೆ.

ಎಷ್ಟು ನಾಜೂಕಾಗಿ ಕೊರೆದರೂ ರಂಧ್ರಗಳು ತಲೆಗೂದಲಿನಷ್ಟಾದರೂ ಸಾಲು ತಪ್ಪಿರುತ್ತವೆ. ಆದ್ದರಿಂದ ಟೆನ್ಷನ್ ರೆಂಚ್ ಎಂಬ ಉಪಕರಣದಿಂದ ಪ್ಲಗ್ಗನ್ನು ಹಗುರವಾಗಿ ತಿರುಚಿ ಹಿಡಿದರೆ ಪಿನ್‌ಗಳು ಒಂದೊಂದಾಗಿ ಬಿಗಿಯುತ್ತವೆ. ಬಿಗಿದ ಪಿನ್ನನ್ನು ಹುಡುಕಿ, ಪಿಕ್ ಎಂಬ ಇನ್ನೊಂದು ಉಪಕರಣದಿಂದ ಎತ್ತಿ ಕೂರಿಸುತ್ತಾ ಹೋಗುವುದೇ ಈ ವಿದ್ಯೆಯ ಮೂಲ. ಭದ್ರತಾ ಪಿನ್ ಇದೇ ತಿರುಚುವಿಕೆಯನ್ನು ಬಲೆಯಾಗಿ ಬಳಸುತ್ತದೆ. ಕೀಲಿಕೈ ಮೊದಲು ಪಿನ್‌ಗಳನ್ನು ಎತ್ತಿ ಆಮೇಲೆ ತಿರುಗುವುದರಿಂದ ಮನೆಯವರಿಗೆ ಇದರ ತೊಡಕು ತಟ್ಟುವುದಿಲ್ಲ.

ಬಗೆಗಳು

ಸ್ಪೂಲ್ ಪಿನ್ನಿನ ನಡು ಸಣ್ಣ, ಎರಡು ತುದಿ ದಪ್ಪ. ಅದರ ನಡು ಶಿಯರ್ ಲೈನ್‌ಗೆ ಬಂದಾಗ ಪ್ಲಗ್ ಕೊಂಚ ತಿರುಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬೀಗ ಇನ್ನೇನು ತೆರೆಯಿತು ಎನಿಸುವ ಈ ಸ್ಥಿತಿಗೆ ಫಾಲ್ಸ್ ಸೆಟ್ ಎಂದು ಹೆಸರು. ಮಶ್ರೂಮ್ ಪಿನ್ನಿನಲ್ಲಿ ಕಂಠ ಇಳಿಜಾರಾಗಿರುತ್ತದೆ, ಕೆಲಸ ಸ್ಪೂಲಿನದೇ. ಸೆರೇಟೆಡ್ ಪಿನ್ನಿನ ಮೈಸುತ್ತ ಸಣ್ಣ ಕಚ್ಚುಗಳಿರುತ್ತವೆ. ಒಂದೊಂದು ಕಚ್ಚೂ ‘ಕಟ್’ ಎಂದು ಪಿನ್ ಕೂತ ಭ್ರಮೆ ಹುಟ್ಟಿಸುತ್ತದೆ. ಕೆಲವು ಬೀಗಗಳಲ್ಲಿ ಇವನ್ನೆಲ್ಲ ಬೆರೆಸಿ ಹಾಕಿರುತ್ತಾರೆ.

ಕಲಿಕೆ

ಕಲಿಯುವವರು ಬಿಚ್ಚಿ ಜೋಡಿಸಬಹುದಾದ ಬೀಗವನ್ನು ವೈಸ್‌ಗೆ ಕಚ್ಚಿಸಿ, ಸಾದಾ ಪಿನ್‌ಗಳ ನಡುವೆ ಒಂದೇ ಸ್ಪೂಲ್ ಇಟ್ಟು ಆರಂಭಿಸುತ್ತಾರೆ. ಕೈ ಪಳಗಿದಂತೆ ಸಂಖ್ಯೆ ಹೆಚ್ಚಿಸುತ್ತಾರೆ. ಫಾಲ್ಸ್ ಸೆಟ್ ಸಿಕ್ಕಿದಾಗ ಸಿಕ್ಕಿಕೊಂಡ ಸ್ಪೂಲನ್ನು ಒತ್ತಿದರೆ ಪ್ಲಗ್ ಹಿಂದಕ್ಕೆ ತಿರುಗಲು ನೋಡುತ್ತದೆ. ಅದನ್ನು ತಡೆಯದೆ ರೆಂಚ್ ಮೇಲಿನ ಭಾರ ಸಡಿಲಿಸಿದರೆ ಪಿನ್ನಿನ ದಪ್ಪ ತುದಿ ಗೆರೆ ದಾಟುತ್ತದೆ. ಅತಿಯಾಗಿ ಸಡಿಲಿಸಿದರೆ ಕೂತಿದ್ದ ಬೇರೆ ಪಿನ್‌ಗಳು ಕೆಳಗಿಳಿಯುತ್ತವೆ. ಹೊಸಬರು ಬಿಡಬೇಕಾದ ಮೊದಲ ಅಭ್ಯಾಸವೆಂದರೆ ರೆಂಚನ್ನು ಬಲವಾಗಿ ಒತ್ತುವುದು.

ಇತಿಹಾಸ

ಮರದ ಪಿನ್ ಬೀಗಗಳು ಪ್ರಾಚೀನ ಈಜಿಪ್ಟಿನಲ್ಲಿದ್ದವು. ಇಂದಿನ ಚಪ್ಪಟೆ ಕೀಲಿಕೈಯ ಬೀಗ ರೂಪುಗೊಂಡದ್ದು 1860ರ ದಶಕದಲ್ಲಿ, ಅಮೆರಿಕದ ಲೈನಸ್ ಯೇಲ್ ಜೂನಿಯರ್ ಅವರಿಂದ. ಬೀಗದೊಳಗೆ ಸುಳ್ಳು ಸುಳಿವು ಇಡುವ ಉಪಾಯ ಇದಕ್ಕಿಂತ ಹಳೆಯದು. ಲಂಡನ್ನಿನ ಜೋಸೆಫ್ ಬ್ರಾಮಾ ಅವರ ಮಾದರಿಯ ಬೀಗಗಳಲ್ಲಿ ಸುಳ್ಳು ಕಚ್ಚುಗಳಿದ್ದವು; ಅವರ ಸವಾಲಿನ ಬೀಗವನ್ನು ತೆಗೆದವರಿಗೆ 200 ಗಿನಿ ಬಹುಮಾನ ಘೋಷಿಸಲಾಗಿತ್ತು. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾಪ್ರದರ್ಶನದ ವೇಳೆ ಅಮೆರಿಕದ ಆಲ್ಫ್ರೆಡ್ ಹಾಬ್ಸ್ ಹದಿನಾರು ದಿನಗಳಲ್ಲಿ ಹಂಚಿದ ಸುಮಾರು 51 ಗಂಟೆಗಳ ಕೆಲಸದಿಂದ ಅದನ್ನು ತೆಗೆದರು. ಹವ್ಯಾಸಿಗಳ ಸಂಘಟನೆ ಇತ್ತೀಚಿನದು: 1997ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಸ್ಟೆಫೆನ್ ವೆರ್ನೆರಿ ಒಂದು ಸಂಘ ಸ್ಥಾಪಿಸಿದರು. ನೆದರ್ಲೆಂಡ್ಸ್‌ನ ಟೂಲ್ ಸಂಘಟನೆಯ ಶಾಖೆಗಳು ಮುಂದೆ ಅಮೆರಿಕಕ್ಕೂ ಹರಡಿದವು. ಸ್ವಂತದ್ದಲ್ಲದ ಬೀಗವನ್ನು ಅನುಮತಿಯಿಲ್ಲದೆ ಮುಟ್ಟಬಾರದು, ಬಳಕೆಯಲ್ಲಿರುವ ಬೀಗದ ಮೇಲೆ ಅಭ್ಯಾಸ ಮಾಡಬಾರದು ಎಂಬುದು ಹವ್ಯಾಸಿಗಳು ಪಾಲಿಸುವ ನಿಯಮ.

ಭಾರತದಲ್ಲಿ

ಅಲಿಗಢ ಮತ್ತು ದಿಂಡಿಗಲ್ ದೇಶದ ಹೆಸರಾಂತ ಬೀಗದ ಊರುಗಳು. ದಿಂಡಿಗಲ್ ಬೀಗಕ್ಕೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಅರ್ದೇಶಿರ್ ಗೋದ್ರೇಜ್ 1897ರಲ್ಲಿ ಮುಂಬಯಿಯಲ್ಲಿ ಬೀಗ ತಯಾರಿಕೆ ಆರಂಭಿಸಿದರು. ಇಲ್ಲಿ ಬಳಕೆಯಲ್ಲಿರುವ ಹಲವು ನೇತುಬೀಗಗಳು ಲಿವರ್ ಬಗೆಯವು. ಅವುಗಳಲ್ಲಿ ಪಿನ್ ಇರುವುದಿಲ್ಲ. ಪಿನ್ ಅಭ್ಯಾಸಕ್ಕೆ ಬಾಗಿಲಿನ ಸಿಲಿಂಡರ್ ಬೀಗಗಳು ಒದಗುತ್ತವೆ. ಚಿಲಕ ಮುರಿಯುವುದು, ಕೊಂಡಿ ಕತ್ತರಿಸುವುದು ಮುಂತಾದ ಬಲಪ್ರಯೋಗದ ಎದುರು ಭದ್ರತಾ ಪಿನ್ ನಿರುಪಯುಕ್ತ.

ಕಾನೂನು

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ, ಬೀಗ ತೆಗೆದು ಅತಿಕ್ರಮ ಪ್ರವೇಶ ಮಾಡುವುದು ಮನೆಗನ್ನ ಎನಿಸುತ್ತದೆ. ಕಳೆದುಹೋದ ಕೀಲಿಕೈ ಸಿಕ್ಕಿ ಅದರಿಂದ ತೆಗೆದರೂ ಅಷ್ಟೇ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಹಾಗೂ 1951ರ ಮಹಾರಾಷ್ಟ್ರ ಪೊಲೀಸ್ ಕಾಯ್ದೆಗಳೆರಡೂ, ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ತಕ್ಕ ಕಾರಣವಿಲ್ಲದೆ ಮನೆಗನ್ನದ ಸಲಕರಣೆ ಇಟ್ಟುಕೊಂಡಿರುವುದನ್ನು ಅಪರಾಧವೆನ್ನುತ್ತವೆ. ಆದ್ದರಿಂದ ನಿಪ್ಪಾಣಿಯಿಂದ ಕೊಲ್ಹಾಪುರಕ್ಕೋ ಕಾಗವಾಡದಿಂದ ಮಿರಜಕ್ಕೋ ಹೋಗುವ ಹವ್ಯಾಸಿಗೆ ಗಡಿ ದಾಟಿದರೂ ಈ ನಿರ್ಬಂಧ ತಪ್ಪುವುದಿಲ್ಲ. ಉಪಕರಣಗಳನ್ನು ಅಭ್ಯಾಸದ ಮೇಜಿನ ಬಳಿಯೇ ಇಡುವುದು ಕ್ಷೇಮ.